ಹೊಳೆಯ ಕಪ್ಪೆಚಿಪ್ಪು

ಭಾರತದ ತತ್ತ್ವಜ್ಞಾನಿಗಳು ಭ್ರಮೆಯ ಸ್ವರೂಪವನ್ನು ವಿವರಿಸುವಾಗ ಎರಡು ದೃಷ್ಟಾಂತಗಳನ್ನು ಮತ್ತೆ ಮತ್ತೆ ಕೊಡುತ್ತಾರೆ. ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ತಿಳಿಯುವುದು ಒಂದು. ಬಿಸಿಲಿನಲ್ಲಿ ಹೊಳೆಯುವ ಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಶುಕ್ತಿ-ರಜತ ನ್ಯಾಯವೆಂದು ಹೆಸರು. ಶುಕ್ತಿ ಎಂದರೆ ಚಿಪ್ಪು, ರಜತವೆಂದರೆ ಬೆಳ್ಳಿ. ಬೆಲೆಯಿಲ್ಲದುದನ್ನು ಬೆಲೆಯುಳ್ಳದ್ದೆಂದು ಬಗೆಯುವುದು ಆ ದೃಷ್ಟಾಂತದಲ್ಲಿ ಬರುವ ತಪ್ಪು. ಇಂದಿನ ತಪ್ಪು ಇದಕ್ಕೆ ತಿರುವುಮುರುವಾಗಿದೆ. ನದಿಯ ಪಾಲಿಗೆ ಬೆಳ್ಳಿಗಿಂತಲೂ ಹೆಚ್ಚಿನದಾದ ಒಂದು ಜೀವಿಯನ್ನು ಬರಿಯ ಚಿಪ್ಪೆಂದು ಭಾವಿಸಿ, ಜನರು ಕಾಲಿನಿಂದ ಸರಿಸಿ ಮುಂದೆ ಹೋಗುತ್ತಿದ್ದಾರೆ. ಆ ಜೀವಿಯೇ ಸಿಹಿನೀರಿನ ಕಪ್ಪೆಚಿಪ್ಪು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯನ್ನು ಬಯಲುಸೀಮೆಯೆಂದು ಕರೆಯುವ ವಾಡಿಕೆಯುಂಟು. ಆದರೆ ಆ ಬಯಲಿಗೆ ಜೀವ ತುಂಬುವ ನದಿಗಳು ಮಲೆನಾಡಿನ ಮಡಿಲಿನಿಂದ ಇಳಿದು ಬರುತ್ತವೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆಂಬ ಹೆಸರಿನಿಂದ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತವೆ. ಕುಮುದ್ವತಿಯು ಮಾಸೂರಿನ ಬಳಿಯ ಮದಗದ ಕೆರೆಯನ್ನು ತುಂಬಿ, ಮುಂದೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸಾಗರದ ಸೀಮೆಯ ವರದಾಮೂಲದಲ್ಲಿ ಹುಟ್ಟಿದ ವರದೆಯು ಧರ್ಮಾ ನದಿಯನ್ನು ಒಡಗೂಡಿಸಿಕೊಂಡು, ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಯೊಡನೆ ಸಂಗಮಿಸುತ್ತದೆ. ಇವಲ್ಲದೆ ಹಾವೇರಿಯ ಹೆಗ್ಗೇರಿಯಂತಹ ಹಿರಿಯ ಕೆರೆಗಳೂ, ಬ್ಯಾಡಗಿಯ ಸೀಮೆಯ ಹಳ್ಳಕೊಳ್ಳಗಳೂ ಊರೂರಿನ ಸಣ್ಣ ಕೆರೆಗಳೂ ಇವೆ. ಇಂತಹ ನೀರಿನ ತಳವೇ ಕಪ್ಪೆಚಿಪ್ಪಿನ ಮನೆ.

ಹೆಸರಿನಲ್ಲಿ ಕಪ್ಪೆಯಿದ್ದರೂ ಈ ಜೀವಿಗೂ ಕಪ್ಪೆಗೂ ಯಾವ ನಂಟೂ ಇಲ್ಲ. ಇದು ಬಸವನಹುಳುವಿನಂತೆ ಮೃದ್ವಂಗಿಗಳ ಬಳಗಕ್ಕೆ ಸೇರಿದ್ದು. ಬಸವನಹುಳುವಿಗೆ ಸುರುಳಿಯಾದ ಒಂದೇ ಚಿಪ್ಪು. ಕಪ್ಪೆಚಿಪ್ಪಿಗಾದರೋ ಬಾಗಿಲಿನ ಎರಡು ಕದಗಳಂತೆ ಜೋಡಿ ಚಿಪ್ಪುಗಳು. ಬೆನ್ನಿನ ಕಡೆ ಅವು ಹಿಗ್ಗಬಲ್ಲ ಒಂದು ಪಟ್ಟಿಯಿಂದ ಬೆಸೆದುಕೊಂಡಿರುತ್ತವೆ. ಅಪಾಯದ ಸುಳಿವು ಸಿಕ್ಕಿದೊಡನೆ ಒಳಗಿನ ಪ್ರಾಣಿಯು ಬಲವಾದ ಸ್ನಾಯುಗಳಿಂದ ಕದಗಳನ್ನು ಮುಚ್ಚಿಕೊಳ್ಳುತ್ತದೆ. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ, ಓಡುವ ಕಾಲಿಲ್ಲ. ನಾಲಿಗೆಯ ಆಕಾರದ ಒಂದು ಮಾಂಸಲವಾದ ಪಾದವುಂಟು. ಅದನ್ನು ಮರಳಿನಲ್ಲಿ ಊರಿ, ದೇಹವನ್ನು ಎಳೆದುಕೊಂಡು, ಅದು ಬಹು ನಿಧಾನವಾಗಿ ಚಲಿಸುತ್ತದೆ. ಬೇಸಗೆಯಲ್ಲಿ ವರದೆಯ ನೀರು ಇಂಗಿ ಮಡುಗಳಷ್ಟೇ ಉಳಿಯುವ ಕಾಲದಲ್ಲಿ, ಆಳದ ನೀರನ್ನು ಅರಸುತ್ತ ಹೋದ ಚಿಪ್ಪುಗಳು ಕೆಸರಿನ ಮೇಲೆ ಎಳೆದಿಟ್ಟ ಗೆರೆಗಳನ್ನು ಗಮನಿಸಿ ನೋಡುವವರು ಕಾಣಬಹುದು.

ಇಷ್ಟು ನಿಧಾನದ ಪ್ರಾಣಿಯು ಮಾಡುವ ಕೆಲಸವಾದರೂ ಏನು? ಅದು ನೀರನ್ನು ಸೋಸುತ್ತದೆ. ಅರ್ಧ ದೇಹವನ್ನು ಮರಳಿನಲ್ಲಿ ಹುದುಗಿಸಿ, ಕದಗಳನ್ನು ಸ್ವಲ್ಪ ತೆರೆದು, ಒಂದು ದ್ವಾರದಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನೂ ಬ್ಯಾಕ್ಟೀರಿಯಾಗಳನ್ನೂ ಕೊಳೆತ ಕಣಗಳನ್ನೂ ಕಿವಿರುಗಳಿಂದ ಹಿಡಿದು ಆಹಾರ ಮಾಡಿಕೊಳ್ಳುತ್ತದೆ. ಬೇಡವಾದುದನ್ನು ಲೋಳೆಯಿಂದ ಸುತ್ತಿ ಉಂಡೆ ಮಾಡಿ ತಳಕ್ಕೆ ಬಿಡುತ್ತದೆ. ತಿಳಿಯಾದ ನೀರು ಇನ್ನೊಂದು ದ್ವಾರದಿಂದ ಹೊರಬೀಳುತ್ತದೆ. ಚೆನ್ನಾಗಿ ಬೆಳೆದ ಒಂದೊಂದು ಚಿಪ್ಪು ದಿನವೊಂದಕ್ಕೆ ಹಲವು ಲೀಟರುಗಳಷ್ಟು ನೀರನ್ನು ಹೀಗೆ ಸೋಸಬಲ್ಲದು. ತಳಕ್ಕಿಳಿದ ಉಂಡೆಗಳು ಅಲ್ಲಿಯ ಹುಳುಗಳಿಗೆ ಮೇವಾಗುತ್ತವೆ. ಹುಳುಗಳು ಮೀನಿಗೆ ಮೇವಾಗುತ್ತವೆ. ಸದ್ದಿಲ್ಲದೆ, ಸಂಬಳವಿಲ್ಲದೆ ಹಗಲಿರುಳೂ ನಡೆಯುವ ಈ ಜಲಶುದ್ಧಿಯ ಕಾರ್ಯವನ್ನು ಯಾವ ಪುರಸಭೆಯ ಲೆಕ್ಕಪತ್ರದಲ್ಲಿಯೂ ಬರೆದಿಡುವುದಿಲ್ಲ.

ಕಪ್ಪೆಚಿಪ್ಪಿನ ಬಾಲ್ಯವಂತೂ ಕಥೆಯಷ್ಟು ವಿಚಿತ್ರವಾದುದು. ತಾಯಿಯ ಕಿವಿರುಗಳೇ ಮರಿಗಳ ತೊಟ್ಟಿಲು. ಅಲ್ಲಿ ಸಾವಿರಗಟ್ಟಲೆ ಡಿಂಭಗಳು ಬೆಳೆದು ನೀರಿಗೆ ಬೀಳುತ್ತವೆ. ಮರಳಿನ ಕಣಕ್ಕಿಂತ ಚಿಕ್ಕದಾದ ಈ ಡಿಂಭಕ್ಕೆ ಸ್ವತಂತ್ರವಾಗಿ ಬದುಕುವ ಶಕ್ತಿಯಿಲ್ಲ. ಹಾದು ಹೋಗುವ ಮೀನೊಂದರ ಕಿವಿರನ್ನೋ ಈಜುರೆಕ್ಕೆಯನ್ನೋ ಅದು ಕಚ್ಚಿ ಹಿಡಿಯಬೇಕು. ಹಿಡಿದ ಭಾಗ್ಯಶಾಲಿಗಳು ಕೆಲವು ದಿನ ಅಥವಾ ಕೆಲವು ವಾರ ಮೀನಿನ ಮೈಮೇಲಿದ್ದು ರೂಪಾಂತರ ಹೊಂದಿ, ಪುಟ್ಟ ಚಿಪ್ಪುಗಳಾಗಿ ತಳಕ್ಕೆ ಉದುರುತ್ತವೆ. ಉಳಿದವು ನಶಿಸುತ್ತವೆ. ತಾಯಿಯು ಜೀವಮಾನದಲ್ಲಿ ನಡೆಯಲಾರದಷ್ಟು ದೂರವನ್ನು ಮರಿಯು ಮೀನಿನ ಬೆನ್ನೇರಿ ಕೆಲವೇ ದಿನಗಳಲ್ಲಿ ಸಾಗುವುದುಂಟು. ಆದುದರಿಂದ ಮೀನಿಲ್ಲದ ನದಿಯಲ್ಲಿ ಕಪ್ಪೆಚಿಪ್ಪಿಗೆ ಸಂತಾನವಿಲ್ಲ. ಈ ಒಂದು ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ವಾದವೆಲ್ಲ ಇದನ್ನೇ ಅವಲಂಬಿಸಿದೆ.

ಯಾವ ಜೀವಿಯನ್ನು ರಕ್ಷಿಸಬೇಕಾದರೂ ಮೊದಲು ಅದರ ಗುರುತು ಸಿಕ್ಕಬೇಕು. ಚಿಪ್ಪುಗಳನ್ನು ಗುರುತಿಸುವುದು ಪಂಡಿತರಿಗೆ ಮಾತ್ರ ಸಾಧ್ಯವೆಂಬ ಅಳುಕು ಹಲವರಲ್ಲಿದೆ. ಆದರೆ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತರುವ ರೈತರನ್ನು ನೋಡಬೇಕು. ಗಿಡ್ಡನೆಯ, ಉಬ್ಬಿದ ಡಬ್ಬಿಕಾಯಿ ಯಾವುದು, ನೀಳವಾದ ಕಡ್ಡಿಕಾಯಿ ಯಾವುದು ಎಂಬುದನ್ನು ಅವರು ಒಂದು ನೋಟಕ್ಕೆ ಹೇಳುತ್ತಾರೆ. ಆಕಾರ, ಸುಕ್ಕು, ಬಣ್ಣ ಇವುಗಳ ಮೇಲೆ ಬಗೆಯನ್ನು ನಿರ್ಣಯಿಸುವ ಈ ವಿದ್ಯೆ ನೆಲದ ಜನರಿಗೆ ಹೊಸದಲ್ಲ. ಅದೇ ಕಣ್ಣನ್ನು ಹೊಳೆಯ ಕಡೆಗೆ ತಿರುಗಿಸಿದರೆ ಸಾಕು.

ಕರ್ನಾಟಕದ ನೀರಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬಗೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್. ಫ್ರಾನ್ಸಿನ ಲಾಮಾರ್ಕ್ ಎಂಬ ವಿಜ್ಞಾನಿ 1819ರಲ್ಲಿ ಇದನ್ನು ವರ್ಣಿಸಿದನು. ಇದು ನೀಳವಾದ, ನುಣುಪಾದ, ತೆಳುವಾದ ಚಿಪ್ಪು; ಬಣ್ಣ ಕಂದು ಅಥವಾ ಕಪ್ಪುಗಂದು; ಅಂಚಿನಲ್ಲಿ ಹಲವು ಬಾರಿ ತಿಳಿಬಣ್ಣದ ಪಟ್ಟಿಯಿರುತ್ತದೆ. ಅದರ ಹೆಸರಿಗೆ ಆ ಅಂಚೇ ಆಧಾರ. ಎರಡನೆಯದು ಪ್ಯಾರೀಸಿಯಾ ಕೊರುಗೇಟಾ. ಡೆನ್ಮಾರ್ಕಿನ ಮುಲ್ಲರ್ ಎಂಬಾತನು 1774ರಷ್ಟು ಹಿಂದೆಯೇ ಇದನ್ನು ಹೆಸರಿಸಿದ್ದನು. ಇದು ಚಿಕ್ಕದು, ದುಂಡಗಿನದು, ದಪ್ಪನೆಯದು. ಚಿಪ್ಪಿನ ಕೀಲಿನ ಬಳಿ ಉಬ್ಬಿರುವ ಭಾಗದ ಮೇಲೆ ಅಂಕುಡೊಂಕಾದ ಸುಕ್ಕುಗಳಿರುತ್ತವೆ. ವಯಸ್ಸಾದ ಚಿಪ್ಪಿನಲ್ಲಿ ಆ ಸುಕ್ಕುಗಳು ಸವೆದು ಹೋಗಿರಬಹುದು. ಆಗ ಎರಡು ಚಿಪ್ಪುಗಳನ್ನು ಜೋಡಿಸುವ ಒಳಗಿನ ಹಲ್ಲುಗಳನ್ನು ನೋಡಬೇಕು. ನೀಳ ಚಿಪ್ಪಿನಲ್ಲಿ ಅವು ಹಲಗೆಯಂತೆ ಉದ್ದವಾಗಿ ಚಾಚಿರುತ್ತವೆ. ದುಂಡು ಚಿಪ್ಪಿನಲ್ಲಿ ಗಟ್ಟಿಮುಟ್ಟಾಗಿ ಒರಟಾಗಿರುತ್ತವೆ.

ಇವೆರಡರ ನಡುವೆ ಮರಳಿನಲ್ಲಿ ಸಿಗುವ ಇನ್ನೊಂದು ಚಿಕ್ಕ ಚಿಪ್ಪು ನೋಡುವವರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಅದರ ಹೆಸರು ಕಾರ್ಬಿಕ್ಯುಲ. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಮುಕ್ಕೋನದ ಆಕಾರ, ಮೈಮೇಲೆ ಒಂದರ ಹೊರಗೊಂದರಂತೆ ಎದ್ದು ಕಾಣುವ ಏಣುಗಳು, ಇವು ಅದರ ಲಕ್ಷಣಗಳು. ತಿಳಿಯದವರು ಇದನ್ನು ಕಪ್ಪೆಚಿಪ್ಪಿನ ಮರಿಯೆಂದು ಬಗೆಯುತ್ತಾರೆ. ಅದು ಮರಿಯಲ್ಲ, ಪೂರ್ಣ ಬೆಳೆದ ಬೇರೆಯೇ ಜೀವಿ. ಅದರ ಮರಿಗಳಿಗೆ ಮೀನಿನ ನೆರವೂ ಬೇಕಿಲ್ಲ.

ಹೊರಗಿನ ರೂಪವನ್ನಷ್ಟೇ ನಂಬಿದರೆ ವಿದ್ವಾಂಸರೂ ಎಡವುತ್ತಾರೆ ಎಂಬುದಕ್ಕೆ ಭದ್ರಾ ನದಿಯ ಒಂದು ಚಿಪ್ಪು ಸಾಕ್ಷಿಯಾಗಿದೆ. ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಸೀಮೆಯಿಂದ ಸಿಕ್ಕಿದ ಈ ಚಿಪ್ಪನ್ನು 1898ರಲ್ಲಿ ಸ್ಮಿತ್ ಎಂಬ ಇಂಗ್ಲಿಷ್ ವಿಜ್ಞಾನಿಯು ವರ್ಣಿಸಿದನು. ಅದರ ಇಂದಿನ ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿಯೈ. ಇತರ ಕಪ್ಪೆಚಿಪ್ಪುಗಳಂತೆ ಇದು ಮರಳಿನಲ್ಲಿ ನಡೆಯದು. ಬಂಡೆಗೆ ಗಾರೆ ಹಾಕಿದಂತೆ ಅಂಟಿಕೊಂಡು ಅಲ್ಲಿಯೇ ಬಾಳು ಕಳೆಯುತ್ತದೆ. ದಕ್ಷಿಣ ಅಮೆರಿಕದ ನದಿಗಳಲ್ಲಿ ಹೀಗೆಯೇ ಅಂಟಿ ಬದುಕುವ ಚಿಪ್ಪುಗಳಿರುವುದರಿಂದ, ಇದೂ ಅವುಗಳ ಬಂಧುವೆಂದು ಬಹುಕಾಲ ನಂಬಲಾಗಿತ್ತು. 2000ದಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ಬೇರೆ ಮಾತನ್ನು ಹೇಳಿತು. ಇದರ ನಿಜವಾದ ನೆಂಟರು ಸಾಗರದಾಚೆಯವರಲ್ಲ. ಮರಳಿನಲ್ಲಿ ನಡೆಯುವ ಸಾಮಾನ್ಯ ಕಪ್ಪೆಚಿಪ್ಪುಗಳೇ. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿ ಉಳಿದಿರುವ ಈ ಜೀವಿಯು ಇಂದು ಅಳಿವಿನ ಅಂಚಿನಲ್ಲಿದೆ. 2011ರಲ್ಲಿ ಪ್ರಕಟವಾದ ಪಶ್ಚಿಮಘಟ್ಟದ ಸಿಹಿನೀರಿನ ಜೀವಿಗಳ ವರದಿಯಲ್ಲಿ 77 ಬಗೆಯ ಮೃದ್ವಂಗಿಗಳ ಸ್ಥಿತಿಗತಿಯನ್ನು ಪರಿಶೀಲಿಸಲಾಗಿದೆ. ಆ ಘಟ್ಟದಿಂದ ಇಳಿದ ನೀರೇ ಗಳಗನಾಥದ ಮೆಟ್ಟಿಲುಗಳನ್ನು ಮುಟ್ಟುತ್ತದೆ.

ಇನ್ನು ಈ ಜೀವಿಗಳಿಗೆ ಒದಗಿರುವ ಅಪಾಯಗಳನ್ನು ವಿಚಾರಿಸಬೇಕು. ಮೊದಲನೆಯದು ಮರಳಿನ ಲೂಟಿ. ಹಾವೇರಿಯ ಕಡೆಯವರು ಉಸುಕು ಎಂದು ಕರೆಯುವ ಈ ವಸ್ತು ಮನುಷ್ಯನಿಗೆ ಮನೆ ಕಟ್ಟುವ ಸಾಮಗ್ರಿ. ಕಪ್ಪೆಚಿಪ್ಪಿಗೆ ಅದೇ ಮನೆ. ತುಂಗಭದ್ರೆಯ ಒಡಲಿನಿಂದ ಯಂತ್ರಗಳು ಮರಳನ್ನು ಬಾಚುವಾಗ ಹಲವು ವರ್ಷ ಬಾಳಿದ ಚಿಪ್ಪುಗಳೂ ಲಾರಿಯನ್ನೇರುತ್ತವೆ. ಎರಡನೆಯದು ಅಣೆಕಟ್ಟು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಲಕ್ಷಾಂತರ ಎಕರೆಗಳಿಗೆ ನೀರುಣಿಸಿತು. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೋಡೆಯು ಮೀನಿನ ದಾರಿಯನ್ನು ಕಟ್ಟಿದಾಗ ಮೀನಿನ ಬೆನ್ನೇರುವ ಚಿಪ್ಪಿನ ದಾರಿಯೂ ಕಟ್ಟಿತು. ಮೂರನೆಯದು ವಿಷ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ಕಾರ್ಖಾನೆಯ ಕಲುಷಿತ ನೀರು ನದಿಗೆ ಸೇರಿ ಮೀನುಗಳು ಸತ್ತು ತೇಲಿದಾಗ, ದಂಡೆಯ ಹಳ್ಳಿಗಳ ಜನರು ದನಿಯೆತ್ತಿದರು. ತೇಲಿ ಬಂದ ಮೀನು ಎಲ್ಲರ ಕಣ್ಣಿಗೂ ಬೀಳುತ್ತದೆ. ತಳದಲ್ಲಿ ಸತ್ತ ಚಿಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಲ್ಕನೆಯ ಅಪಾಯವು ಒಳ್ಳೆಯ ಉದ್ದೇಶದಿಂದಲೇ ಬರತಕ್ಕದ್ದು. ಕೆರೆಯ ಹೂಳೆತ್ತುವುದು ಪುಣ್ಯದ ಕೆಲಸವೆಂದು ಹಿಂದಿನಿಂದಲೂ ಪ್ರಸಿದ್ಧವಾಗಿದೆ. ಅದು ನಿಜವೂ ಹೌದು. ಹಿಂದೆ ಊರಿನವರು ಬುಟ್ಟಿ ಸಲಿಕೆಗಳಿಂದ ವರ್ಷಕ್ಕಿಷ್ಟರಂತೆ ಹೂಳನ್ನು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಈಗ ಯಂತ್ರಗಳು ಕೆಲವೇ ದಿನಗಳಲ್ಲಿ ಇಡೀ ಕೆರೆಯ ತಳವನ್ನು ಕೆತ್ತಿ ಬಿಡುತ್ತವೆ. ಮರುವರ್ಷ ಕೆರೆ ತುಂಬುತ್ತದೆ, ನೀರು ಹೊಳೆಯುತ್ತದೆ, ಆದರೆ ಅದನ್ನು ಸೋಸುವವರು ಹೂಳಿನೊಡನೆ ಹೊಲ ಸೇರಿರುತ್ತಾರೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ, ಮರಳಿನ ಕೂಲಿಯಿಂದಲೇ ಸಂಸಾರ ಸಾಗಿಸುವ ಬಡವರಿರುವಲ್ಲಿ, ಚಿಪ್ಪಿನ ಚಿಂತೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಬಡವನ ಅನ್ನಕ್ಕಿಂತ ಚಿಪ್ಪು ದೊಡ್ಡದೆಂದು ಯಾರೂ ವಾದಿಸಲಾರರು. ಆದರೆ ಮರಳು ಬರಿದಾದ ಮೇಲೆ ಕೂಲಿಯೂ ನಿಲ್ಲುತ್ತದೆ. ನದಿಯ ದಂಡೆಯ ಬಾವಿಗಳೂ ಬತ್ತುತ್ತವೆ. ಏಕೆಂದರೆ ಮಳೆಗಾಲದ ನೀರನ್ನು ಹೀರಿ ಬೇಸಗೆಗೆ ಕಾದಿಡುವುದು ಆ ಮರಳೇ. ಕಪ್ಪೆಚಿಪ್ಪು ಬದುಕುವಷ್ಟು ಮರಳು ನದಿಯಲ್ಲಿ ಉಳಿದರೆ ರೈತನ ಬಾವಿಯಲ್ಲಿ ನೀರೂ ಉಳಿಯುತ್ತದೆ. ಇಬ್ಬರ ಹಿತವೂ ಒಂದೇ ತಳದಲ್ಲಿ ಅಡಗಿದೆ. ಅಲ್ಲದೆ ಚಿಪ್ಪು ಆದಾಯವನ್ನೂ ಕೊಡಬಲ್ಲದು. ಇದೇ ಲ್ಯಾಮೆಲ್ಲಿಡೆನ್ಸ್ ಮತ್ತು ಪ್ಯಾರೀಸಿಯಾ ಚಿಪ್ಪುಗಳಲ್ಲಿ ಸಿಹಿನೀರಿನ ಮುತ್ತನ್ನು ಬೆಳೆಸುವ ವಿಧಾನವನ್ನು ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯು ರೂಪಿಸಿದೆ. ಸ್ವಾತಿಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ಕವಿಸಮಯಕ್ಕಿಂತ ಈ ವಿದ್ಯೆಯು ಹೆಚ್ಚು ನಂಬತಕ್ಕದ್ದು. ಆದರೆ ಕೃಷಿಗೆ ಬೇಕಾದ ಚಿಪ್ಪುಗಳನ್ನೆಲ್ಲ ಹೊಳೆಯಿಂದಲೇ ದೋಚುವುದಾದರೆ ಅದೂ ಲೂಟಿಯೇ ಆಗುತ್ತದೆ.

ಇಂತಹ ದುರಾಸೆಯ ಫಲವನ್ನು ಅಮೆರಿಕವು ಉಂಡಿದೆ. ಜಗತ್ತಿನಲ್ಲಿಯೇ ಅತಿ ಹೆಚ್ಚು ಬಗೆಯ, ಸುಮಾರು 300 ಜಾತಿಯ, ಸಿಹಿನೀರಿನ ಕಪ್ಪೆಚಿಪ್ಪುಗಳು ಆ ದೇಶದಲ್ಲಿದ್ದವು. 1891ರಲ್ಲಿ ಬೋಪಲ್ ಎಂಬ ಜರ್ಮನ್ ಕುಶಲಕರ್ಮಿಯು ಮಿಸಿಸಿಪ್ಪಿ ನದಿಯ ದಂಡೆಯ ಮಸ್ಕಟೀನ್ ಊರಿನಲ್ಲಿ ಚಿಪ್ಪಿನಿಂದ ಅಂಗಿಯ ಗುಂಡಿ ಕತ್ತರಿಸುವ ಉದ್ಯಮವನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ ಆ ಊರು ಜಗತ್ತಿನ ಗುಂಡಿಗಳ ರಾಜಧಾನಿಯೆನಿಸಿತು. ಚಿಪ್ಪುಗಳ ರಾಶಿಗಳು ಬೆಟ್ಟದಂತೆ ಬೆಳೆದವು, ನದಿಯ ತಳ ಬರಿದಾಗತೊಡಗಿತು. ಆಗ ಎಚ್ಚೆತ್ತ ಸರ್ಕಾರವು ಚಿಪ್ಪಿನ ಮರಿಗಳನ್ನು ಮೀನಿನ ಮೈಮೇಲೆ ಬೆಳೆಸಿ ನದಿಗೆ ಬಿಡುವ ಪ್ರಯೋಗಕ್ಕಾಗಿ ಫೇರ್‌ಪೋರ್ಟ್ ಎಂಬಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಬೇಕಾಯಿತು. ಮುಂದೆ ಅಣೆಕಟ್ಟುಗಳೂ ಮಾಲಿನ್ಯವೂ ಸೇರಿ ಆ ದೇಶದ ಹಲವು ಜಾತಿಗಳು ಶಾಶ್ವತವಾಗಿ ಅಳಿದವು. ಕಳೆದುಕೊಂಡ ಮೇಲೆ ಹುಡುಕುವುದಕ್ಕಿಂತ ಇರುವಾಗಲೇ ಉಳಿಸಿಕೊಳ್ಳುವುದು ಅಗ್ಗದ ಮಾರ್ಗ.

ಉಳಿಸಿಕೊಳ್ಳುವುದಕ್ಕೆ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿದೆ. ಊರಿನ ಸಸ್ಯ ಪ್ರಾಣಿಗಳ ದಾಖಲೆಯನ್ನು ಜನರ ನೆರವಿನಿಂದ ಬರೆದಿಡುವುದು ಅದರ ಕರ್ತವ್ಯ. ಆ ದಾಖಲೆಯಲ್ಲಿ ಹುಲ್ಲು, ಮರ, ಹಕ್ಕಿಗಳೊಡನೆ ಕೆರೆಯ ಚಿಪ್ಪುಗಳಿಗೂ ಒಂದು ಪುಟ ಸಲ್ಲಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಳಿನ ಸಣ್ಣ ಗುತ್ತಿಗೆಗಳಿಗೂ ಪರಿಸರದ ಅನುಮತಿ ಅಗತ್ಯವೆಂದು ಆದೇಶಿಸಿದೆ. ಅಂತಹ ಅನುಮತಿ ಕೊಡುವ ಮೊದಲು ತಳದಲ್ಲಿ ಚಿಪ್ಪುಗಳಿವೆಯೇ ಎಂದು ನೋಡಿ, ಅವು ದಟ್ಟವಾಗಿರುವ ಮಡುಗಳನ್ನು ಮುಟ್ಟದೆ ಬಿಡಬೇಕು. ಕೆರೆಯ ಹೂಳನ್ನು ಒಂದೇ ಬಾರಿಗೆ ಎತ್ತದೆ ವರ್ಷಕ್ಕೊಂದು ಭಾಗದಂತೆ ಎತ್ತಬೇಕು; ಆಗ ಉಳಿದ ಭಾಗದಿಂದ ಚಿಪ್ಪುಗಳು ಮತ್ತೆ ಹಬ್ಬುತ್ತವೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವೊಂದು ಸ್ಥಾಪನೆಯಾಯಿತು. ಅಂದು ಮಾಡಿದ ಆ ಕೆಲಸದಿಂದ ಇಂದಿಗೂ ಅಲ್ಲಿ ಮೃಗಗಳು ಜಿಗಿಯುತ್ತಿವೆ. ಜಿಗಿಯಲಾರದ ಜೀವಿಗೂ ನೀರಿನೊಳಗೆ ಅಂತಹ ಒಂದಿಷ್ಟು ಅಭಯ ದೊರೆಯುವುದು ನ್ಯಾಯ.

ಈ ಕಾರ್ಯದಲ್ಲಿ ಶಾಲೆಗಳ ಪಾತ್ರವೂ ದೊಡ್ಡದು. ಬೇಸಗೆಯಲ್ಲಿ ದಂಡೆಯ ಮೇಲೆ ಬಿದ್ದಿರುವ ಖಾಲಿ ಚಿಪ್ಪುಗಳನ್ನು ಆಯ್ದು, ಅಳತೆ ಮಾಡಿ, ಊರು ದಿನಾಂಕಗಳನ್ನು ಬರೆದಿಟ್ಟರೆ ಅದೇ ಒಂದು ಅಮೂಲ್ಯ ದಾಖಲೆಯಾಗುತ್ತದೆ. ಜೀವಂತ ಚಿಪ್ಪನ್ನು ಮಾತ್ರ ಕೊಂಡೊಯ್ಯಬಾರದು. ಬಲವಂತದಿಂದ ಕದ ತೆರೆಯಿಸಿದರೆ ಪ್ರಾಣಿ ಸಾಯುತ್ತದೆ. ನೋಡಿದ ಮೇಲೆ ಅದನ್ನು ತೆಗೆದ ಜಾಗದಲ್ಲಿಯೇ, ಪಾದವು ಮರಳಿಗೆ ತಾಗುವಂತೆ, ಮರಳಿ ಇಡುವುದು ಶಿಷ್ಟಾಚಾರ. ಆಳವಾದ ಮಡುವಿಗೆ ಹಿರಿಯರ ಜೊತೆಯಿಲ್ಲದೆ ಇಳಿಯಕೂಡದೆಂಬ ಎಚ್ಚರಿಕೆಯೂ ಅಷ್ಟೇ ಮುಖ್ಯವಾದುದು.

ಹೀಗೆ ನೋಡುವಾಗ ಒಂದು ಸಂಗತಿಯನ್ನು ಮರೆಯಬಾರದು. ಕಪ್ಪೆಚಿಪ್ಪು ದೀರ್ಘಾಯುಷಿ, ಯುರೋಪಿನ ತಣ್ಣನೆಯ ನದಿಗಳ ಮುತ್ತಿನ ಚಿಪ್ಪುಗಳಂತೂ ನೂರು ವರ್ಷ ದಾಟಿ ಬದುಕುವುದುಂಟು. ಆದುದರಿಂದ ಮೀನು ಇಲ್ಲವಾಗಿ, ಸಂತಾನ ನಿಂತು ಹೋದ ಮೇಲೆಯೂ ಹಳೆಯ ಚಿಪ್ಪುಗಳು ಎಷ್ಟೋ ಕಾಲ ಬದುಕಿರುತ್ತವೆ. ಅಂತಹ ಹೊಳೆಯು ಮಕ್ಕಳಿಲ್ಲದೆ ಮುದುಕರಷ್ಟೇ ಉಳಿದಿರುವ ಊರಿನಂತೆ. ಹೊರಗಿನಿಂದ ಬಂದವರಿಗೆ ಜನವಸತಿ ಕಾಣುತ್ತದೆ. ಶಾಲೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. ಅಂಗೈ ತುಂಬುವ ಚಿಪ್ಪು ಸಿಕ್ಕಿತೆಂದು ಸಂತೋಷಪಡುವ ಮೊದಲು, ಅದೇ ಜಾತಿಯ ಉಗುರಿನಷ್ಟು ಚಿಕ್ಕ ಚಿಪ್ಪೂ ಅಲ್ಲಿದೆಯೇ ಎಂದು ಹುಡುಕಬೇಕು. ಅಲ್ಲಿ ಕಾರ್ಬಿಕ್ಯುಲವನ್ನು ಮರಿಯೆಂದು ತಪ್ಪಾಗಿ ಎಣಿಸಿದರೆ, ಬರಿದಾಗುತ್ತಿರುವ ಹೊಳೆಯನ್ನು ತುಂಬಿದ ಹೊಳೆಯೆಂದು ಬರೆದಂತಾಗುತ್ತದೆ. ಸರಿಯಾಗಿ ಗುರುತಿಸಿದ ಒಂದು ಪುಟ್ಟ ಮರಿಚಿಪ್ಪು ಸಿಕ್ಕಿದರೆ ಸಾಕು; ಆ ನೀರಿನಲ್ಲಿ ಮೀನಿದೆ, ಮರಳಿದೆ, ನಾಳೆಯೂ ಇದೆ ಎಂದು ಧೈರ್ಯವಾಗಿ ಹೇಳಬಹುದು.